ಓಡಿಹೋಗೋಕೆ ಪರ್ಮಿಟ್

ನಮ್ಮೂರ ಕಡೆ ಹುಡುಗಿ ‘ಓಡಿಹೋಗ್ತಾಳೆ’, ಹುಡುಗ ‘ಹಾರಿಸ್ಕೊಂಡು ಹೋಗ್ತಾನೆ’. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಹೋಗಿದ್ದರೂ ಊರಿನ ವ್ಯಾಕರಣದಲ್ಲಿ ಕ್ರಿಯಾಪದ ಬೇರೆ ಬೇರೆ. ಇದಕ್ಕೆ ಇಂಗ್ಲಿಷಿನಲ್ಲಿ ಎಲೋಪ್‌ಮೆಂಟ್ ಅಂತಾರೆ ಎಂದು ಪಿಯುಸಿಯಲ್ಲಿ ಕಲಿತಿದ್ದೆ. ಕ್ಯಾಲಿಫೋರ್ನಿಯಾಕ್ಕೆ ಬಂದು ನೋಡಿದರೆ ಆ ಪದಕ್ಕೆ ಬೇರೆಯೇ ಅರ್ಥ. ಇಲ್ಲಿ ಎಲೋಪ್ ಆಗುವವರು ಆರು ತಿಂಗಳು ಮುಂಚೆಯೇ ಯೋಜನೆ ಹಾಕುತ್ತಾರೆ. ಅದಕ್ಕೊಬ್ಬ ಪ್ಲಾನರ್, ಫೋಟೋದವರು, ಹೂವಿನವರು, ಎಲ್ಲ ಸೇರಿ ಒಂದು ಪ್ಯಾಕೇಜು. ಮುನ್ನೂರು ಜನರ ಮದುವೆ, ಅದರ ಖರ್ಚು, ಅದರ ತಲೆನೋವು ಯಾವುದೂ ಬೇಡವೆಂದು ಇಬ್ಬರೇ, ಇಲ್ಲವೇ ತೀರಾ ಹತ್ತಿರದ ನಾಲ್ಕೈದು ಜನ, ಬೆಟ್ಟಕ್ಕೋ ಕಡಲಿಗೋ ಮರುಭೂಮಿಗೋ ಹೋಗಿ ಮದುವೆಯಾಗಿ ಬರುವುದು. ಹೆತ್ತವರೇ ಪಕ್ಕದಲ್ಲಿ ನಿಂತು ಹಲ್ಲು ಬಿಟ್ಟು ಫೋಟೋ ತೆಗೆಸಿಕೊಂಡರೂ ಅದು ಎಲೋಪ್‌ಮೆಂಟೇ. ಯಾರೂ ಯಾರಿಂದಲೂ ಓಡುತ್ತಿಲ್ಲ.

ನಾವಿಬ್ಬರು ಈ ಎರಡೂ ಅರ್ಥದ ನಡುವೆ ಸಿಕ್ಕಿಕೊಂಡವರು. ನಾನು ಚಿತ್ರದುರ್ಗ ಜಿಲ್ಲೆಯವನು, ಶೇಂಗಾ ಬೆಳೆಯುವ ಮನೆ. ಅವಳು ವಿಜಯಪುರ ಜಿಲ್ಲೆಯವಳು, ಜೋಳ ಬೆಳೆಯುವ ಮನೆ. ಜಾತಿ ಬೇರೆ. ಯಾವ್ಯಾವ ಜಾತಿ ಅಂತ ಬರೆಯೋದಿಲ್ಲ, ಬರೆದರೆ ನೀವು ಮಿಕ್ಕಿದ್ದೆಲ್ಲ ಬಿಟ್ಟು ಅದನ್ನೇ ಓದುತ್ತೀರಿ. ಇಬ್ಬರೂ ಬಿಇ, ಇಬ್ಬರೂ ಇಲ್ಲಿ ಕೋಡ್ ಬರೆಯುವವರು, ಇಬ್ಬರಿಗೂ ಮೂವತ್ತು ದಾಟಿತ್ತು. ವಿಷಯ ಹೇಳಿದ ದಿನದಿಂದ ನಮ್ಮಪ್ಪ ನನ್ನ ಜೊತೆ ಮಾತು ಬಿಟ್ಟರು. ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ, ಮಾತು ಬಿಟ್ಟರು ಅಷ್ಟೆ. ಅವಳ ಅಣ್ಣ ಫೋನಿನಲ್ಲಿ ಒಂದೇ ಒಂದು ವಾಕ್ಯ ಹೇಳಿದನಂತೆ. ಆ ವಾಕ್ಯ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ‘ಊರಿಗೆ ಬಂದ್ರ’ ಅಂತ ಶುರುವಾಗುತ್ತೆ ಅನ್ನುವುದನ್ನು ಮಾತ್ರ ಹೇಳಿದ್ದಾಳೆ. ಅದನ್ನು ಹೇಳುವಾಗ ಅವಳು ಚಪಾತಿ ಲಟ್ಟಿಸುತ್ತಿದ್ದಳು, ನಾನು ಮುಂದಿನದನ್ನು ಕೇಳಲಿಲ್ಲ.

ಊರಿನ ಅರ್ಥದ ಓಡಿಹೋಗುವುದು ನಮ್ಮ ಮನೆಯಲ್ಲೇ ಒಮ್ಮೆ ಆಗಿತ್ತು. 2004ರಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಚಿಕ್ಕಪ್ಪನ ಮಗಳು, ನನಗೆ ಅಕ್ಕ ಆಗಬೇಕು, ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುವ ಹುಡುಗನ ಜೊತೆ ಹೋದಳು. ಮೂರು ದಿನ ಹುಡುಕಿದರು. ನಾಲ್ಕನೇ ದಿನ ಚಿಕ್ಕಪ್ಪ ಹಿತ್ತಲಿನಲ್ಲಿ ನಿಂತು ತಲೆ ಮೇಲೆ ನೀರು ಸುರಿದುಕೊಂಡು, ನನಗೊಬ್ಬ ಮಗಳಿದ್ದಳು, ಸತ್ತಳು ಅಂದರು. ಅಲ್ಲಿಗೆ ಮುಗೀತು. ಅದೇ ಚಿಕ್ಕಪ್ಪ ಪ್ರತಿ ವರ್ಷ ರಾಮನವಮಿಗೆ ಊರಲ್ಲಿ ಹರಿಕಥೆ ಮಾಡಿಸುತ್ತಾರೆ, ಅವರಿಗೆ ಬಲು ಇಷ್ಟವಾದ ಕಥೆ ರುಕ್ಮಿಣಿ ಕಲ್ಯಾಣ. ಅಣ್ಣ ಗೊತ್ತು ಮಾಡಿದ ವರನನ್ನು ಒಲ್ಲೆನೆಂದು, ಪ್ರೀತಿಸಿದವನಿಗೆ ಓಲೆ ಕಳಿಸಿ, ಗುಡಿಯ ಬಾಗಿಲಿನಿಂದ ರಥ ಹತ್ತಿ ಹೋದವಳ ಕಥೆ. ರುಕ್ಮಿಣಿ ಹೋದರೆ ಮಂಗಳಾರತಿ, ನಮ್ಮಕ್ಕ ಹೋದರೆ ಸೂತಕ. ಅಕ್ಕ ಈಗ ದಾವಣಗೆರೆಯಲ್ಲಿದ್ದಾಳೆ, ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ. ನಮ್ಮವ್ವ ಹದಿನೆಂಟು ವರ್ಷದಿಂದ ಅವಳಿಗೆ ಕದ್ದು ಫೋನ್ ಮಾಡುತ್ತಾಳೆ.

ಮೊದಲು ನಾವು ಬೆಂಗಳೂರಿನಲ್ಲೇ ರಿಜಿಸ್ಟರ್ ಮದುವೆ ಆಗೋಣ ಅಂತಲೇ ಯೋಚಿಸಿದ್ದು. 1954ರ ವಿಶೇಷ ವಿವಾಹ ಕಾಯ್ದೆ ಇರುವುದೇ ನಮ್ಮಂಥವರಿಗಾಗಿ. ಆದರೆ ಅದರ ದಾರಿ ನೋಡಿ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇರಬೇಕು. ಅರ್ಜಿ ಕೊಟ್ಟ ಮೇಲೆ ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಬೇಕು. ಆಮೇಲೆ ಇನ್ನೂ 30 ದಿನ ಕಾಯಬೇಕು, ಯಾರಾದರೂ ತಕರಾರು ತೆಗೀತಾರೇನೋ ಅಂತ. ಸುಪ್ರೀಂ ಕೋರ್ಟು 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ, ವಯಸ್ಕರಿಬ್ಬರು ಒಪ್ಪಿ ಮದುವೆಯಾಗುವಾಗ ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ, ಅಂಥ ಜೋಡಿಗಳಿಗೆ ರಕ್ಷಣೆ ಕೊಡಿ ಎಂದು ಸರ್ಕಾರಗಳಿಗೆ ಹೇಳಿದೆ. ಹೇಳಿದ್ದು ಸರಿಯೇ. ಆದರೆ ನೋಟಿಸ್ ಬೋರ್ಡು ಮೂವತ್ತು ದಿನ ಗೋಡೆ ಮೇಲೆ ಇರುತ್ತದೆ, ರಕ್ಷಣೆ ಕೊಡುವ ಪೇದೆ ಮೂವತ್ತು ದಿನ ಬಾಗಿಲಲ್ಲಿ ಇರುತ್ತಾನಾ? ಅವಳಣ್ಣನಿಗೆ ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಗೊತ್ತು. ‘ಬ್ಯಾಡ,’ ಅಂದಳು. ಅವಳು ಬೇಡ ಅಂದರೆ ಬೇಡ.

ಕ್ಯಾಲಿಫೋರ್ನಿಯಾದಲ್ಲಿ ಕಾಯುವ ಮಾತೇ ಇಲ್ಲ. ಇಲ್ಲಿನ ಪ್ರಜೆಯಾಗಿರಬೇಕಿಲ್ಲ, ಇಲ್ಲಿನ ನಿವಾಸಿಯೂ ಆಗಿರಬೇಕಿಲ್ಲ. ಇಬ್ಬರೂ ಒಟ್ಟಿಗೆ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಿ, ಪಾಸ್‌ಪೋರ್ಟ್ ತೋರಿಸಿ, ಶುಲ್ಕ ಕಟ್ಟಿದರೆ ಮದುವೆಯ ಲೈಸೆನ್ಸ್ ಕೈಗೆ ಬರುತ್ತದೆ. 90 ದಿನದೊಳಗೆ ರಾಜ್ಯದ ಯಾವ ಮೂಲೆಯಲ್ಲಾದರೂ ಮದುವೆಯಾಗಬಹುದು. ಗೋಡೆಗೆ ಅಂಟಿಸುವುದು ಏನೂ ಇಲ್ಲ.

ಮರುಭೂಮಿ ಅಂತ ಹೇಳಿದವಳು ಅವಳೇ. ಹವಾಯಿ, ನಾಪಾ ಅಂತ ಗೆಳೆಯರು ಏನೇನೋ ಹೇಳಿದರು. ನಾವು ಅದಕ್ಕೂ ಹಿಂದಿನ ವರ್ಷ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗೆ ಹೋಗಿದ್ದೆವು. ಲಾಸ್ ಏಂಜಲೀಸಿನಿಂದ ಪೂರ್ವಕ್ಕೆ ಎರಡೂವರೆ ಮೂರು ಗಂಟೆ ದಾರಿ. ಸುಮಾರು 3,200 ಚದರ ಕಿಲೋಮೀಟರ್, ಮೊಹಾವಿ ಮತ್ತು ಕೊಲರಾಡೋ ಅನ್ನುವ ಎರಡು ಮರುಭೂಮಿ ಬಂದು ಕೂಡುವ ಜಾಗ. ರಾಜಸ್ತಾನದ ಮರಳುದಿಬ್ಬ ನೆನೆಸಿಕೊಳ್ಳಬೇಡಿ. ಇಲ್ಲಿರುವುದು ಬಂಡೆ. ಒಂದರ ಮೇಲೊಂದು ಪೇರಿಸಿಟ್ಟ ಹಾಗೆ, ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗೆ ನಿಂತ ಬಂಡೆ. ಹತ್ತು ಕೋಟಿ ವರ್ಷಕ್ಕೂ ಹಿಂದೆ ನೆಲದೊಳಗೆ ಹೆಪ್ಪುಗಟ್ಟಿದ ಕಲ್ಲು, ಮೇಲಿನ ಮಣ್ಣು ಕೊಚ್ಚಿಹೋಗಿ ಹೊರಗೆ ಬಂದಿದ್ದಂತೆ. ಮೊದಲ ಸಲ ನೋಡಿದಾಗ ನನಗೆ ಅಮೆರಿಕ ಅನ್ನಿಸಲೇ ಇಲ್ಲ. ಚಿತ್ರದುರ್ಗದ ಕೋಟೆಯ ಹಿಂಭಾಗಕ್ಕೆ ಬಂದ ಹಾಗಿತ್ತು, ಒನಕೆ ಓಬವ್ವನ ಕಿಂಡಿ ಎಲ್ಲಾದರೂ ಸಿಗುತ್ತೇನೋ ಅಂತ ಕಣ್ಣು ಹುಡುಕಿತು. ಪಾರ್ಕಿಗೆ ಹೆಸರು ಕೊಟ್ಟ ಆ ಗಿಡವೂ ನಿಜವಾಗಿ ಮರವಲ್ಲ. ಯಕ್ಕಾ ಅನ್ನುವ ಜಾತಿ, ನಮ್ಮ ಹೊಲದ ಬೇಲಿಯ ಕತ್ತಾಳೆಯ ದಾಯಾದಿ. ಮೈಯೆಲ್ಲ ಚೂರಿ ಎಲೆ, ಅಡ್ಡಾದಿಡ್ಡಿ ಎತ್ತಿದ ತೋಳು. ವರ್ಷಕ್ಕೆ ಒಂದೆರಡು ಇಂಚು ಬೆಳೆದರೆ ಹೆಚ್ಚು. ಇದರ ಹೂವಿಗೆ ಪರಾಗ ಮುಟ್ಟಿಸುವುದು ಒಂದೇ ಒಂದು ಬಗೆಯ ಪುಟ್ಟ ಪತಂಗ. ಅದು ಬರದಿದ್ದರೆ ಬೀಜವಿಲ್ಲ. ಆ ಪತಂಗದ ಮರಿಗೂ ಈ ಗಿಡದ ಬೀಜ ಬಿಟ್ಟು ಬೇರೆ ಊಟ ಇಲ್ಲ. ಯಾವ ಜೋಯಿಸರು ಕೂಡಿಸಿದ್ದೋ ಗೊತ್ತಿಲ್ಲ.

‘ಇಲ್ಲಿ ನಮ್ಮನ್ನ ಯಾರು ನೋಡ್ತಾರ? ಕಲ್ಲು ನೋಡ್ತಾವ. ಇಲ್ಲೇ ಆಗೂಣು,’ ಅಂದಳು.

ಅದಕ್ಕೆ ಅರ್ಜಿ ಹಾಕಲು ಕೂತಾಗ ನನಗೆ ನಗು ಬಂತು. ಪಾರ್ಕಿನೊಳಗೆ ಮದುವೆಯಾಗಬೇಕಾದರೆ, ಬರುವವರು ಇಬ್ಬರೇ ಇರಲಿ, ಪರ್ಮಿಟ್ ಬೇಕು. ಆ ಫಾರಂ ಕೇಳುವ ಪ್ರಶ್ನೆಗಳು ಏನು ಗೊತ್ತಾ? ಹೆಸರು, ವಿಳಾಸ, ಯಾವ ದಿನ, ಎಷ್ಟು ಹೊತ್ತಿಗೆ ಬರ್ತೀರಿ, ಎಷ್ಟು ಹೊತ್ತಿಗೆ ಹೋಗ್ತೀರಿ, ಯಾವ ಜಾಗ, ಎಷ್ಟು ಜನ, ಎಷ್ಟು ಗಾಡಿ, ಏನೇನು ಸಾಮಾನು ತರ್ತೀರಿ. ಅಕ್ಕ ಓಡಿಹೋದಾಗ ಮೂರು ದಿನ ಇಡೀ ಊರು ಬೈಕು ಹಾಕಿಕೊಂಡು ಹುಡುಕಿದ್ದು ಇವೇ ಪ್ರಶ್ನೆಗಳಿಗೆ ಉತ್ತರ. ಅವಳು ಬಚ್ಚಿಟ್ಟಿದ್ದನ್ನೆಲ್ಲ ನಾನು ಒಂದೊಂದೇ ಕಾಲಮ್ಮಿನಲ್ಲಿ ತುಂಬಿ, ಮೇಲೆ ದುಡ್ಡನ್ನೂ ಕಟ್ಟಿ ಕಳಿಸುತ್ತಿದ್ದೆ. ಅವಳ ಹತ್ತಿರ ಆ ದಿನ ಇದ್ದದ್ದು ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ.

ಎಲ್ಲಿ ಬೇಕಾದರೂ ನಿಂತು ಮದುವೆಯಾಗುವ ಹಾಗೂ ಇಲ್ಲ. ಪಾರ್ಕಿನವರೇ ಕೆಲವು ಜಾಗ ಗೊತ್ತು ಮಾಡಿದ್ದಾರೆ. ಫೆಬ್ರವರಿಯಲ್ಲಿ ಹೋಗಿ ನೋಡಿ ಬಂದೆವು. ಟರ್ಕಿ ಫ್ಲ್ಯಾಟ್ಸ್ ಬಯಲು, ಚೆನ್ನಾಗಿದೆ, ಆದರೆ ಬಂಡೆ ದೂರ. ಹಿಡನ್ ವ್ಯಾಲಿಯಲ್ಲಿ ಬಂಡೆ ಹತ್ತುವವರ ಜಾತ್ರೆ. ಕೊನೆಗೆ ಕ್ಯಾಪ್ ರಾಕ್ ಆಯ್ಕೆ ಆಯಿತು. ದೊಡ್ಡ ಬಂಡೆಯ ತಲೆಗೆ ಟೋಪಿ ಇಟ್ಟ ಹಾಗೆ ಇನ್ನೊಂದು ಕಲ್ಲು, ಕಾರಿನಿಂದ ಹತ್ತಿರ, ದಾರಿ ಸಮತಟ್ಟು. ಸಮತಟ್ಟು ಯಾಕೆ ಬೇಕಿತ್ತು ಅಂತ ಮುಂದೆ ಹೇಳ್ತೀನಿ.

ಷರತ್ತುಗಳ ಪಟ್ಟಿ ಬಂತು. ಗಿಡಕ್ಕೆ ಏನೂ ಕಟ್ಟಬಾರದು, ತೂಗುಹಾಕಬಾರದು. ಡ್ರೋನ್ ಹಾರಿಸಬಾರದು. ಬೇರೆಯವರು ಅಲ್ಲಿ ಓಡಾಡಿದರೆ ತಡೆಯುವ ಹಾಗಿಲ್ಲ, ಜಾಗ ನಿಮಗೆ ಬರೆದುಕೊಟ್ಟಿಲ್ಲ. ಗೊತ್ತುಪಡಿಸಿದ ಒಲೆಗುಂಡಿ ಬಿಟ್ಟು ಬೇರೆಡೆ ಬೆಂಕಿ ಹಚ್ಚಬಾರದು. ಹೂವಿನ ಎಸಳು ಚೆಲ್ಲಬಾರದು. ಅಕ್ಕಿ ಎರಚಬಾರದು. ಸುಮ್ಮನೆ ಹಾಕಿದ ಷರತ್ತಲ್ಲ ಇವು. 2018ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ 35 ದಿನ ಬಾಗಿಲು ಹಾಕಿದಾಗ ಕಾವಲು ಕಡಿಮೆಯಾಗಿ, ಜನ ಇದೇ ಪಾರ್ಕಿನೊಳಗೆ ಗಾಡಿ ನುಗ್ಗಿಸಿ ಮರಗಳನ್ನೇ ಉರುಳಿಸಿ ಹೋಗಿದ್ದರು. ವರ್ಷಕ್ಕೆ ಎರಡಿಂಚು ಬೆಳೆಯುವ ಗಿಡ ಉರುಳಿದರೆ ಮತ್ತೆ ಅಷ್ಟಾಗುವುದು ಮೊಮ್ಮಕ್ಕಳ ಕಾಲಕ್ಕೆ.

ಆದರೆ ನಮ್ಮ ಮದುವೆ ಅಂದರೇನು? ಹೋಮ, ಹೂವು, ಅಕ್ಷತೆ. ಮೂರಕ್ಕೂ ಇಲ್ಲ.

ಹೋಮ ನಮಗೂ ಬೇಕಿರಲಿಲ್ಲ. ಕುವೆಂಪು ಅವರ ಮಂತ್ರ ಮಾಂಗಲ್ಯದ ಪ್ರಕಾರ ಆಗುವುದೆಂದು ಮೊದಲೇ ಮಾತಾಗಿತ್ತು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆ ಇಲ್ಲ. ಗಂಡು ಹೆಣ್ಣು ಎಲ್ಲರೆದುರು ಪ್ರತಿಜ್ಞೆ ಓದಿ ಮದುವೆಯಾಗುವುದು. 1966ರಲ್ಲಿ ಅವರು ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು. ಆ ಪುಟ್ಟ ಪುಸ್ತಕ ಅವಳ ಹತ್ತಿರ ಇಂಜಿನಿಯರಿಂಗ್ ಕಾಲದಿಂದ ಇತ್ತು. ನಾನು ಓದಿದ್ದು ತಡವಾಗಿ. ಮಲೆನಾಡಿನ ಕವಿ ಬರೆದ ಮದುವೆ ವಿಧಾನ ಮೊಹಾವಿ ಮರುಭೂಮಿಯ ಷರತ್ತುಗಳಿಗೆ ಒಂದಕ್ಷರ ಬದಲಾಯಿಸದೆ ಹೊಂದಿಕೊಂಡಿತು ನೋಡಿ. ಹೊಗೆಯಿಲ್ಲ, ಕಸವಿಲ್ಲ.

ಹೂವಿನ ಸಮಸ್ಯೆ ಬಗೆಹರಿಸಿದ್ದು ದಾವಣಗೆರೆಯ ಅಕ್ಕ. ಅವ್ವನಿಂದ ವಿಷಯ ತಿಳಿದು ತಾನೇ ಫೋನ್ ಮಾಡಿದಳು. ಅಷ್ಟು ವರ್ಷದ ಮೇಲೆ ನಾನು ಅವಳ ದನಿ ಕೇಳಿದ್ದು. ಎಸಳು ಉದುರಬಾರದು ಅಂತಾರಕ್ಕ ಅಂದೆ. ‘ಅದಕ್ಕೇನಂತೆ, ಏಲಕ್ಕಿ ಹಾರ ಕಳಿಸ್ತೀನಿ ಬಿಡು,’ ಅಂದಳು. ಹಾವೇರಿಯಲ್ಲಿ ಏಲಕ್ಕಿ ಕಾಯಿ ಪೋಣಿಸಿ ಹಾರ ಮಾಡುತ್ತಾರೆ, ನಮ್ಮ ಕಡೆ ಮಂತ್ರಿಗಳು ಬಂದರೆ ಅದನ್ನೇ ಹಾಕುವುದು. ಎರಡು ಹಾರ, ಇಲ್ಲಿಗೆ ಬರುವ ಯಾರದೋ ಸೂಟ್‌ಕೇಸಿನಲ್ಲಿ ಬಂದವು. ಪೆಟ್ಟಿಗೆ ತೆಗೆದರೆ ಮನೆಯೆಲ್ಲ ಪಾಯಸದ ವಾಸನೆ. ‘ನನ್ ಮದ್ವೇಲಿ ಹಾರನೇ ಇರ್ಲಿಲ್ಲ ಕಣೋ. ಗುಡಿ ಪೂಜಾರಿ ದೇವ್ರ ಮೇಲಿದ್ದುದ್ದನ್ನ ತೆಗೆದು ಕೊಟ್ಟ,’ ಅಂತ ನಗುತ್ತಲೇ ಹೇಳಿದಳು.

ಅಕ್ಷತೆಯ ವಿಷಯ ಮಾತ್ರ ಅವ್ವನಿಗೆ ಜೀರ್ಣವಾಗಲಿಲ್ಲ. ‘ಅಕ್ಷತೆ ಬೀಳದೆ ಅದೆಂಥ ಮದ್ವೆನೋ? ನಾಕು ಕಾಳು ಹಾಕಿದ್ರೆ ಯಾರಪ್ಪನ ಗಂಟು ಹೋಗುತ್ತೆ?’ ಅಕ್ಕಿ ಅಲ್ಲಿನ ಹಕ್ಕಿ ಪ್ರಾಣಿಗಳ ಆಹಾರವಲ್ಲ, ಅಭ್ಯಾಸ ತಪ್ಪುತ್ತೆ ಅಂತೆಲ್ಲ ವಿವರಿಸಿದೆ. ‘ಕಾಡುಪ್ರಾಣಿಗೆ ಇರೋ ಬೆಲೆ ಹೆತ್ತೋರಿಗಿಲ್ಲ,’ ಅಂದಳು. ಪಕ್ಕದಲ್ಲಿ ಕೂತು ಕೇಳುತ್ತಿದ್ದವಳು ಫೋನ್ ಇಸಿದುಕೊಂಡು, ‘ಅತ್ತಿ, ಅಕ್ಷತಿ ಬ್ಯಾಡ್ರಿ. ನಮ್ಮ ಕಡಿ ಉಡಿ ತುಂಬ್ತಾರಲ್ರಿ, ಅದ್ರಾಗೂ ಅಕ್ಕೀನ ಇರ್ತದಲ್ರಿ. ಸೆರಗಿನಾಗ ಕಟ್ಕೊಂಡ್ರ ಕೆಳಗ ಒಂದ ಕಾಳೂ ಬೀಳೂದಿಲ್ಲ,’ ಅಂದಳು. ಅತ್ತ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವ್ವ, ‘ನಾವು ಮಡಿಲಕ್ಕಿ ಅಂತೀವಿ. ಐದು ಬೊಗಸೆ ಹಾಕ್ಬೇಕು, ಕೊಬ್ರಿ ಬಟ್ಲು, ಅರಿಶಿನದ ಕೊಂಬು, ಎಲೆ ಅಡಿಕೆ ಸಿಗ್ತಾವಾ ಅಲ್ಲಿ?’ ಅಂತ ಕೇಳಿದಳು. ಅವರಿಬ್ಬರೂ ಮಾತಾಡಿದ್ದು ಅದೇ ಮೊದಲು. ಎಲೆ ಅಡಿಕೆಗೆ ಆರ್ಟೀಸಿಯಾದ ಪಯೋನಿಯರ್ ಬೀದಿಗೆ ಹೋಗಿ ಬಂದೆವು, ಅಲ್ಲಿ ನಮ್ಮವರ ಅಂಗಡಿಗಳೇ ಸಾಲಾಗಿವೆ.

ಮುಹೂರ್ತ ಬೇಡ ಅಂದಿದ್ದೆವಲ್ಲ, ಅದೂ ನಡೆಯಲಿಲ್ಲ. ನನಗೆ ಅಮಾವಾಸ್ಯೆ ಬೇಕಿತ್ತು. ಈ ಪಾರ್ಕಿಗೆ 2017ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಮಾನ್ಯತೆ ಸಿಕ್ಕಿದೆ, ಅಂದರೆ ಊರದೀಪಗಳ ಕಾಟ ಕಡಿಮೆ ಇರುವ ಆಕಾಶ. ಚಂದ್ರನಿಲ್ಲದ ರಾತ್ರಿ ಹಾಲುಹಾದಿ ಕಾಣುತ್ತದೆ. ‘ಅಮಾಸೆ ದಿನ ಮದ್ವೆನಾ? ನಿಮ್ಮಪ್ಪಂಗೆ ಗೊತ್ತಾದ್ರೆ ಬಾವಿಗೆ ಬೀಳ್ತಾರೆ,’ ಅಂತ ಅವ್ವ ಕೂಗಾಡಿದಳು. ಆ ಜಗಳ ಒಂದು ವಾರ ನಡೆಯಿತು. ಬೇಸಿಗೆಗೆ ತಳ್ಳೋಣ ಅಂದರೆ ಅಲ್ಲಿ 38 ಡಿಗ್ರಿ ದಾಟುತ್ತದೆ, ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಏಪ್ರಿಲ್ ಬಿಟ್ಟರೆ ಅಕ್ಟೋಬರ್‌ವರೆಗೆ ಕಾಯಬೇಕು. ಕೊನೆಗೆ ಅವ್ವನೇ ಕ್ಯಾಲೆಂಡರ್ ತಿರುವಿ ಅಕ್ಷಯ ತದಿಗೆ ಹುಡುಕಿದಳು. ಅವತ್ತಿಗೆ ಬೇರೆ ಮುಹೂರ್ತ ನೋಡಬೇಕಿಲ್ಲ ಅನ್ನುವುದು ಅವಳ ನಂಬಿಕೆ. ಆ ವರ್ಷ ಅದು ಏಪ್ರಿಲ್ ಕೊನೆಯ ಭಾಗದಲ್ಲಿ ಬಿದ್ದಿತ್ತು. ಅಮಾವಾಸ್ಯೆ ಕಳೆದು ಮೂರೇ ದಿನ, ಉಗುರಿನಷ್ಟು ಚಂದ್ರ, ಬೇಗ ಮುಳುಗುತ್ತಾನೆ. ಇಬ್ಬರಿಗೂ ಒಪ್ಪಿತವಾಯಿತು. ತದಿಗೆ ಭಾರತದ್ದೋ ಅಮೆರಿಕದ್ದೋ ಅಂತ ನಾನು ತಲೆ ಕೆಡಿಸಿಕೊಂಡೆ. ಹನ್ನೆರಡೂವರೆ ಗಂಟೆ ವ್ಯತ್ಯಾಸ, ಟೈಮ್‌ಝೋನ್ ಅಂದರೆ ಎಂಥ ತಾಪತ್ರಯ ಅಂತ ನಮ್ಮ ಕಸುಬಿನವರಿಗೆ ಹೇಳಬೇಕಿಲ್ಲ. ‘ಎರಡೂ ಕಡೆ ತದಿಗೆ ಇರೋ ಹೊತ್ತಿಗೆ ಮಾಡ್ಕೋ,’ ಅಂದಳು ಅವ್ವ. ಇಷ್ಟು ಸರಳವಾದ ಪರಿಹಾರ ಆಫೀಸಿನ ಮೀಟಿಂಗಿನಲ್ಲಿ ಒಂದು ದಿನವೂ ಬಂದಿಲ್ಲ.

ಮದುವೆ ಮಾಡಿಸಲು ಕಾನೂನಿನ ಪ್ರಕಾರ ಒಬ್ಬರು ಬೇಕು. ಇಲ್ಲಿ ಹಲವು ಕೌಂಟಿಗಳಲ್ಲಿ ಒಂದು ವ್ಯವಸ್ಥೆ ಇದೆ: ನಿಮ್ಮ ಗೆಳೆಯನೋ ನೆಂಟನೋ ಅರ್ಜಿ ಹಾಕಿ, ಪ್ರಮಾಣವಚನ ತೆಗೆದುಕೊಂಡು, ಒಂದು ದಿನದ ಮಟ್ಟಿಗೆ ‘ಡೆಪ್ಯೂಟಿ ಕಮಿಷನರ್ ಆಫ್ ಸಿವಿಲ್ ಮ್ಯಾರೇಜಸ್’ ಆಗಬಹುದು. ಕೇಳಿದ ತಕ್ಷಣ ನಾನು ಕುರ್ಚಿಯಿಂದ ಎದ್ದೆ. ಡಿಸಿ! ನಮ್ಮ ಜಿಲ್ಲೆಯ ಜನ ಡಿಸಿ ಆಫೀಸಿನ ಮುಂದೆ ಬರ ಪರಿಹಾರಕ್ಕೆ ಅರ್ಜಿ ಹಿಡಿದು ದಿನಗಟ್ಟಲೆ ನಿಂತಿರುತ್ತಾರೆ. ನನ್ನ ಡಿಸಿ ನನ್ನದೇ ಟೀಮಿನ ಗುಂಟೂರಿನ ಹುಡುಗ. ಬಲಗೈ ಎತ್ತಿ ಪ್ರಮಾಣ ಮಾಡಿ ಬಂದವನು, ಮದುವೆಯ ದಿನ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಚಿಪ್ಸ್ ತಿನ್ನುತ್ತ ಬಂದ.

ಲೈಸೆನ್ಸಿನಲ್ಲಿ ಎರಡು ಬಗೆ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಸಾರ್ವಜನಿಕ ಲೈಸೆನ್ಸ್: ಒಬ್ಬ ಸಾಕ್ಷಿಯಾದರೂ ಸಹಿ ಹಾಕಬೇಕು, ದಾಖಲೆ ಸಾರ್ವಜನಿಕ. ಇನ್ನೊಂದು ಗೋಪ್ಯ ಲೈಸೆನ್ಸ್: ಈಗಾಗಲೇ ಒಟ್ಟಿಗೆ ಬಾಳುತ್ತಿರುವ ಜೋಡಿಗೆ, ಸಾಕ್ಷಿ ಬೇಕಿಲ್ಲ, ಕೋರ್ಟಿನ ಆದೇಶವಿಲ್ಲದೆ ಆ ಇಬ್ಬರನ್ನು ಬಿಟ್ಟು ಬೇರೆ ಯಾರಿಗೂ ದಾಖಲೆಯ ಪ್ರತಿ ಸಿಗುವುದಿಲ್ಲ. ನಾನು ಎರಡನೆಯದಕ್ಕೇ ಮನಸ್ಸು ಮಾಡಿದ್ದೆ. ಅವಳಣ್ಣನ ವಾಕ್ಯದ ಉಳಿದರ್ಧ ತಲೆಯಲ್ಲಿ ಕೊರೀತಿತ್ತು. ಮುಂದೆ ಎಂದಾದರೂ ಯಾರಾದರೂ ಹುಡುಕಿದರೆ? ಕಚೇರಿಗೆ ಹೋಗುವ ಹಿಂದಿನ ರಾತ್ರಿ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

‘ಕದ್ದು ಆಗೂದಾಗಿದ್ರ ಊರಾಗ ಆಗ್ತಿದ್ವಿ. ಇಷ್ಟು ದೂರ ಬಂದೂ ಮುಚ್ಚಿಡೂದಾ? ನನ್ನ ಹೆಸರಾ ಓದಾಕ ಬರಬೇಕು. ಯಾರ್ ಬೇಕಾದ್ರೂ ಬಂದು ಓದ್ಲಿ.’

ಸಾರ್ವಜನಿಕ ಲೈಸೆನ್ಸನ್ನೇ ತೆಗೆದುಕೊಂಡೆವು. ಸಾಕ್ಷಿಯ ಜಾಗಕ್ಕೆ ಒಂದು ಹೆಸರು ಸಾಕಿತ್ತು. ಆದರೆ ಸಾಕ್ಷಿ ಅಂದಾಗಲೇ ಅವ್ವನ ಇನ್ನೊಂದು ಪ್ರಶ್ನೆ ಎದುರಿಗೆ ಬಂದು ನಿಂತಿತು: ‘ಧಾರೆ ಯಾರು ಎರೀತಾರೆ?’

ಕನ್ನಡ ಕೂಟದಲ್ಲಿ ನಮಗೆ ಪರಿಚಯವಾದ ಹಿರಿಯ ದಂಪತಿ ಇದ್ದಾರೆ, ಮೈಸೂರಿನವರು, 1980ರ ದಶಕದಲ್ಲಿ ಬಂದು ನೆಲೆಸಿದವರು. ಯುಗಾದಿಗೆ ನಮ್ಮಂಥ ಹುಡುಗರಿಗೆಲ್ಲ ಅವರ ಮನೆಯಲ್ಲೇ ಹೋಳಿಗೆ. ಅವರನ್ನು ಕೇಳೋಣ ಅಂದೆ. ಅವಳು ಒಪ್ಪಲಿಲ್ಲ. ‘ಆಂಟಿ ಬರ್ಲಿ, ಸಾಕ್ಷಿ ಸಹಿ ಹಾಕ್ಲಿ. ಆದ್ರ ನನ್ನ ಯಾರೂ ದಾನ ಕೊಡೂದು ಬ್ಯಾಡ. ನಾ ಏನ್ ಆಕಳಾ?’ ಮಂತ್ರ ಮಾಂಗಲ್ಯದವರ ಮಾತು ಸರಿಯೇ. ಆದರೆ ಅಷ್ಟರಲ್ಲಿ ಅಕ್ಷತೆ ಬಿಟ್ಟು, ಹೋಮ ಬಿಟ್ಟು, ಧಾರೆಯನ್ನೂ ಬಿಡು ಅಂತ ಅವ್ವನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಇಬ್ಬರೂ ಆಂಟಿಯ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಬಹಳ ಹೊತ್ತು ಟೀ ಕಪ್ಪನ್ನೇ ನೋಡುತ್ತ ಕೂತರು. ‘ನನಗೆ ಇಬ್ಬರೂ ಗಂಡುಮಕ್ಕಳು. ಧಾರೆ ಎರೆಯೋ ಯೋಗ ಇಲ್ಲ ಅಂದ್ಕೊಂಡಿದ್ದೆ. ದಾನ ಅಂತ ಯಾಕೆ ಅಂದ್ಕೋತೀಯ ಮಗು? ಇಬ್ಬರ ಕೈಯೂ ಕೆಳಗಿರ್ಲಿ. ನಾವಿಬ್ಬರೂ ನೀರು ಹಾಕ್ತೀವಿ. ಕೊಡೋರೂ ಇಲ್ಲ, ತಗೊಳ್ಳೋರೂ ಇಲ್ಲ,’ ಅಂದರು. ಅದಕ್ಕೆ ಅವಳು ತಲೆಯಾಡಿಸಿದಳು. ಆಂಟಿಗೆ ಮಂಡಿನೋವು, ಕಲ್ಲು ಹತ್ತಿ ಇಳಿಯೋಕೆ ಆಗಲ್ಲ. ಕ್ಯಾಪ್ ರಾಕ್ ಸಮತಟ್ಟು ಅಂದೆನಲ್ಲ, ಇದಕ್ಕೇ.

ನೀರು ಬೇರೆ ಹೊತ್ತೊಯ್ಯಬೇಕು. ಪಾರ್ಕಿನ ಅಂಚಿನ ನಾಲ್ಕೈದು ಕಡೆ ನಲ್ಲಿ ಇದೆ, ಒಳಗೆ ಹನಿ ನೀರಿಲ್ಲ. ತಲೆಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ಒಯ್ಯಿರಿ ಅನ್ನುತ್ತಾರೆ. ನಾವು ಆರು ಜನ: ನಾವಿಬ್ಬರು, ಡಿಸಿ, ಆಂಟಿ ಅಂಕಲ್, ಫೋಟೋ ತೆಗೆಯಲು ಅವಳ ಹಳೇ ರೂಮ್‌ಮೇಟ್. ಎರಡು ಕಾರು, 30 ಲೀಟರ್ ನೀರು, ಆರು ಮಡಚುವ ಕುರ್ಚಿ, ಸೀರೆಗೆ ಎರಡು ಡಜನ್ ಪಿನ್ನು. ವಸಂತದಲ್ಲಿ ಅಲ್ಲಿ ಗಾಳಿ ಜೋರು. ಪುಳಿಯೋಗರೆ, ಮೊಸರನ್ನ. ಧಾರೆಯ ನೀರು ಹಿಡಿಯಲು ಒಂದು ಸ್ಟೀಲ್ ಬೋಗುಣಿ. ಇದನ್ನೆಲ್ಲ ಸ್ಪ್ರೆಡ್‌ಶೀಟಿನಲ್ಲಿ ಬರೆದಿಟ್ಟಿದ್ದೆ. ಕಾರು ತೆಗೆಯುವ ಮುಂಚೆ ಚಕ್ರದ ಕೆಳಗೆ ನೋಡುವುದು ಅಂತಲೂ ಒಂದು ಸಾಲಿತ್ತು, ಯಾಕೆಂದರೆ ಮರುಭೂಮಿಯ ಆಮೆಗಳು ನೆರಳಿಗೆಂದು ಅಲ್ಲಿ ಬಂದು ಕೂರುತ್ತವೆ.

ಒಂದಕ್ಕೆ ಮಾತ್ರ ಸ್ಪ್ರೆಡ್‌ಶೀಟಿನಲ್ಲಿ ಉತ್ತರ ಇರಲಿಲ್ಲ. ಪಾರ್ಕಿನ ಒಳಗೆ ಹೆಚ್ಚುಕಡಿಮೆ ಎಲ್ಲೂ ಮೊಬೈಲ್ ಸಿಗ್ನಲ್ ಇಲ್ಲ. ಅವ್ವನಿಗೆ ವಿಡಿಯೋದಲ್ಲಿ ತೋರಿಸಲು ಆಗುವುದಿಲ್ಲ. ಜಾಗ ಬದಲಾಯಿಸೋಣವಾ ಅಂತ ಇಬ್ಬರೂ ಯೋಚಿಸಿದೆವು. ಅವ್ವನೇ ಬೇಡ ಅಂದಳು. ‘ನೋಡ್ದೆ ಇದ್ರೇನೆ ಒಳ್ಳೇದು ಬಿಡಪ್ಪ. ನಿಮ್ಮಪ್ಪನ ಎದುರಿಗೆ ಫೋನ್ ಹಿಡ್ಕೊಂಡು ಎಲ್ಲಿ ಕೂತ್ಕಳ್ಲಿ? ದನದ ಕೊಟ್ಟಿಗೇಲಾ?’

ಮದುವೆಯ ಬಗ್ಗೆ ಬರೆಯಲು ಹೆಚ್ಚಿಲ್ಲ. ಸಂಜೆ ಆರೂವರೆ. ಡಿಸಿ ಇಂಗ್ಲಿಷಿನಲ್ಲಿ ಕೇಳಬೇಕಾದ್ದನ್ನು ಕೇಳಿದ, ನಾವು ಹೌದು ಅಂದೆವು, ಆಂಟಿ ಸಹಿ ಹಾಕಿದರು. ಆಮೇಲೆ ಕುವೆಂಪು ಪುಸ್ತಕ. ಗಾಳಿಗೆ ಹಾಳೆ ನಿಲ್ಲದೆ ಅಂಕಲ್ ಎರಡೂ ಕೈಯಲ್ಲಿ ಹಿಡಿದುಕೊಂಡರು, ನಾವು ಬಗ್ಗಿ ಓದಿದೆವು. ಬಂಡೆ ಹತ್ತಿ ಇಳಿದು ಬರುತ್ತಿದ್ದ ಯಾರೋ ನಾಲ್ಕು ಹುಡುಗರು ಹಗ್ಗ ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತು ಕೇಳಿದರು, ಒಂದಕ್ಷರ ಅರ್ಥವಾಗದಿದ್ದರೂ ಕೊನೆಗೆ ಚಪ್ಪಾಳೆ ಹೊಡೆದರು. ಧಾರೆಯ ನೀರು ತಣ್ಣಗಿತ್ತು. ಉಡಿ ತುಂಬಿದ ಮೇಲೆ ಒಂದೇ ಒಂದು ಅಕ್ಕಿ ಕಾಳು ಕೆಳಗೆ ಬಿತ್ತು. ಅವಳು ಮದುವೆ ಸೀರೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಅದನ್ನು ಹೆಕ್ಕಿ ಮತ್ತೆ ಸೆರಗಿಗೆ ಹಾಕಿಕೊಂಡಳು.

ನಮ್ಮ ಕಡೆ ಛತ್ರದ ಮದುವೆಗಳಲ್ಲಿ ಅರುಂಧತಿ ನಕ್ಷತ್ರ ತೋರಿಸುವುದನ್ನು ನೋಡಿದ್ದೀರಲ್ಲ. ಮಟಮಟ ಮಧ್ಯಾಹ್ನ, ಪುರೋಹಿತರು ಬಾಗಿಲಿಗೆ ಕರೆದುಕೊಂಡು ಬಂದು ಬಿಸಿಲಿನ ಕಡೆ ಬೆರಳು ಮಾಡುತ್ತಾರೆ. ಕಾಣ್ತಾ ಅಂದರೆ, ಕಾಣ್ತು. ಎದುರಿಗಿರುವುದು ಜನರೇಟರು. ಇಲ್ಲಿ ನಾವು ಊಟ ಮುಗಿಸಿ, ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು ಕತ್ತಲಾಗಲೆಂದು ಕಾದೆವು. ಏಪ್ರಿಲ್ ರಾತ್ರಿ ಸಪ್ತರ್ಷಿ ಮಂಡಲ ನೆತ್ತಿಯ ಹತ್ತಿರಕ್ಕೆ ಬಂದಿರುತ್ತದೆ. ಅದರ ಹಿಡಿಯಲ್ಲಿ ತುದಿಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಅಂಟಿಕೊಂಡ ಹಾಗೆ ಸಣ್ಣಗೆ ಮಿನುಗುವುದು ಅರುಂಧತಿ. ಸುಮಾರು 80 ಜ್ಯೋತಿರ್ವರ್ಷ ದೂರ. ಅಂಕಲ್‌ಗೆ ಕಾಣಲಿಲ್ಲ, ಕನ್ನಡಕ ಒರೆಸಿಕೊಂಡರೂ ಕಾಣಲಿಲ್ಲ. ಆಂಟಿಗೆ ಕಂಡಿತು. ‘ನಲವತ್ತೆರಡು ವರ್ಷದ ಹಿಂದೆ ಕಂಡಿತು ಅಂತ ಸುಳ್ಳು ಹೇಳಿದ್ದೆ. ಇವತ್ತು ಕಂಡಿತು,’ ಅಂದರು. ನನ್ನವಳು ಏನೂ ಹೇಳಲಿಲ್ಲ. ಅವಳ ಕೈ ನನ್ನ ಕೈಯಲ್ಲಿತ್ತು, ಬೆರಳು ತಣ್ಣಗಾಗಿದ್ದವು. ಅವಳ ಮನೆಯಲ್ಲಿ ಆಗ ಬೆಳಿಗ್ಗೆಯಾಗಿತ್ತು. ಅವಳ ಅವ್ವ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು. ಅವರಿಗೆ ಗೊತ್ತಿರಲಿಲ್ಲ. ಇವತ್ತಿಗೂ ಆ ಮನೆಯಿಂದ ಫೋನ್ ಬಂದಿಲ್ಲ.

ನಾವು ರೂಮ್ ಮಾಡಿದ್ದು ಟ್ವೆಂಟಿನೈನ್ ಪಾಮ್ಸ್ ಊರಲ್ಲಿ. ಅಲ್ಲಿಗೆ ಬರುತ್ತಿದ್ದಂತೆ ಸಿಗ್ನಲ್ ಬಂತು, ಅವ್ವನಿಗೆ ಹಚ್ಚಿದೆ. ಆಗ ಅಲ್ಲಿ ಬೆಳಿಗ್ಗೆ ಹತ್ತೂವರೆ. ಫೋಟೋ ಕಳಿಸಿದೆ. ಉಡಿಯ ಫೋಟೋ ಮೊದಲು. ಅವ್ವ ದೊಡ್ಡದು ಮಾಡಿ ನೋಡಿ, ಕೊಬ್ರಿ ಬಟ್ಲು ಎರಡು ಇಡಬೇಕಿತ್ತು ಅಂದಳು, ಸೀರೆ ಚೆನ್ನಾಗಿದೆ ಅಂದಳು. ಹಿಂದಿನಿಂದ ಅಪ್ಪನ ದನಿ ಕೇಳಿತು. ನನಗಲ್ಲ, ಅವ್ವನಿಗೆ.

‘ಅದೆಂತಾ ಜಾಗವಂತೆ ಅದು, ನಮ್ ಜೋಗಿಮಟ್ಟಿ ಇದ್ದಂಗೈತೆ. ಮಳೆ ಎಷ್ಟು ಬರ್ತದಂತೆ ಕೇಳು.’

‘ವರ್ಷಕ್ಕೆ ನಾಲ್ಕು ಇಂಚು ಅಪ್ಪ,’ ಅಂದೆ ನಾನು, ನೇರವಾಗಿ.

ಸ್ವಲ್ಪ ಹೊತ್ತು ಏನೂ ಇಲ್ಲ. ಫೋನ್ ಕೈ ಬದಲಾಯಿಸಿದ ಸದ್ದು.

‘ನಾಕಿಂಚಿಗೆ ಏನ್ ಬೆಳೀತಾರೆ?’

‘ಏನೂ ಬೆಳೆಯಲ್ಲ.’

‘ದನ ಮೇಯ್ಸಲ್ವಾ?’

‘ಮೊದಲು ಮೇಯಿಸ್ತಿದ್ರಂತೆ. ಪಾರ್ಕ್ ಆದ್ಮೇಲೆ ಬಿಡಲ್ಲ.’

‘ಫಾರೆಸ್ಟ್‌ನೋರು ಎಲ್ಲಾ ದೇಶದಾಗೂ ಒಂದೇ ಅನ್ನು,’ ಅಂದರು ಅಪ್ಪ. ಆಮೇಲೆ ಫೋನ್ ಮತ್ತೆ ಅವ್ವನ ಕೈಗೆ ಹೋಯಿತು.